ಎರಡು ಸಾಲುಗಳ ನಡುವಿನ ಅಚ್ಚನ್

ಅಚ್ಚನ್ ತೀರಿಕೊಂಡ ಸುದ್ದಿಯನ್ನು ಕೊಚ್ಚಿಯಿಂದ ನಾನೇ ಬರೆದು ಕಳಿಸಿದೆ. ಮೂರು ಪ್ಯಾರಾ: ವಯಸ್ಸು, ಸೇವೆ ಸಲ್ಲಿಸಿದ ಊರುಗಳು, ಅಂತ್ಯಕ್ರಿಯೆಯ ಸಮಯ. ಎರಡನೇ ವಾಕ್ಯದಲ್ಲಿ 'ಸೌಮ್ಯ ಸ್ವಭಾವದ' ಎಂದು ಸೇರಿಸಿದ್ದೆ. ನಮ್ಮ ಪತ್ರಿಕೆಯ ಮಂಗಳೂರಿನ ಡೆಸ್ಕಿನಲ್ಲಿ ಅದನ್ನು ಹೊಡೆದುಹಾಕಿದರು. ಸಾವಿನ ಸುದ್ದಿಯಲ್ಲಿ ಗುಣವಾಚಕ ಬೇಡ ಎಂಬುದು ನಮ್ಮಲ್ಲಿ ಹಳೆಯ ನಿಯಮ. ಸತ್ತವರೆಲ್ಲ ಮರುದಿನದ ಪತ್ರಿಕೆಯಲ್ಲಿ ಸೌಮ್ಯರಾಗಿಬಿಡುತ್ತಾರೆ ಎಂದು ಹೊಸಬರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಹಾಗಾಗಿ ಹೊಡೆದದ್ದು ಸರಿ. ಇನ್ನೊಂದು ಕಾರಣಕ್ಕೂ ಸರಿ. ಆ ಮಾತು ನಿಜವಾಗಿರಲಿಲ್ಲ. ಸ್ವಭಾವದಿಂದ ಅವರು ಮುಂಗೋಪಿ. ಸೌಮ್ಯವಾಗಿರುವುದು ಅವರು ಪ್ರತಿದಿನ ಕಷ್ಟಪಟ್ಟು ಮಾಡುತ್ತಿದ್ದ ಕೆಲಸ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರ ಪಳ್ಳಿಯ ವ್ಯಾಜ್ಯ ಇನ್ನೂ ಕೋರ್ಟಿನಲ್ಲಿದೆ. ಕೇರಳದಲ್ಲಿ ಚರ್ಚಿಗೆ ಪಳ್ಳಿ ಎನ್ನುತ್ತಾರೆ, ಪಾದ್ರಿಗೆ ಅಚ್ಚನ್. ನನಗೆ ಅವರು ಕೊನೆಯವರೆಗೂ ಅಚ್ಚನ್ ಆಗಿಯೇ ಉಳಿದರು.

ಮೊದಲು ನೋಡಿದ್ದು ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ. ಬಂದರಿನ ಹತ್ತಿರ ನಾವಿಕರಿಗಾಗಿ ಒಂದು ವಿಶ್ರಾಂತಿಗೃಹವಿತ್ತು. ಕೇರಂ ಬೋರ್ಡು, ಹಳೆಯ ಟಿವಿ, ಊರಿಗೆ ಫೋನು ಮಾಡಲು ಒಂದು ಕೋಣೆ. ಅದರ ಉಸ್ತುವಾರಿ ಅವರದು. ಹಡಗೊಂದರ ಅಡುಗೆಯವನಿಗೂ ಇನ್ನೊಬ್ಬ ನಾವಿಕನಿಗೂ ಜಗಳ ಹತ್ತಿ, ಚಾಕು ತೋರಿಸುವವರೆಗೆ ಹೋಗಿದೆ ಎಂದು ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ಪೊಲೀಸ್ ಜೀಪು ಹೊರಗೆ ನಿಂತಿತ್ತು. ಒಳಗೆ ಇಬ್ಬರೂ ಎದುರುಬದುರು ನಿಂತು ಕೂಗುತ್ತಿದ್ದರು. ನಡುವೆ ಬಿಳಿ ನಿಲುವಂಗಿಯ ಎತ್ತರದ ಮನುಷ್ಯ. ಅವರು ಯಾರನ್ನೂ ಹಿಡಿದುಕೊಂಡಿರಲಿಲ್ಲ. ಗೋಡೆಯ ಬದಿಯಿಂದ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಎಳೆದು ತಂದು, ಒಂದೊಂದನ್ನು ಒಬ್ಬೊಬ್ಬರ ಹಿಂದೆ ಇಟ್ಟು, ಮೊಣಕಾಲಿಗೆ ತಾಗುವಂತೆ ನಿಧಾನವಾಗಿ ಮುಂದೆ ದೂಡಿದರು.

"ಕೂತ್ಕೊಂಡು ಬೈಯಿರಿ," ಎಂದರು ಹಿಂದಿಯಲ್ಲಿ. "ನಿಂತು ಬೈದರೆ ಕಾಲು ನೋಯುತ್ತದೆ."

ಒಬ್ಬ ಕುಳಿತ. ಇನ್ನೊಬ್ಬ ಸ್ವಲ್ಪ ಹೊತ್ತು ನಿಂತೇ ಇದ್ದು, ಕುಳಿತವನನ್ನು ಕೆಳಗೆ ನೋಡುತ್ತ ಕೂಗುವುದು ವಿಚಿತ್ರ ಎನಿಸಿತೋ ಏನೋ, ತಾನೂ ಕುಳಿತ. ಜಗಳ ಮುಗಿಯಲಿಲ್ಲ. ದನಿ ಮಾತ್ರ ಇಳಿಯಿತು. ಪೊಲೀಸರು ಚಹಾ ಕುಡಿದು ಹೋದರು. ನನಗೆ ಸುದ್ದಿ ಸಿಗಲಿಲ್ಲ.

ಹೊರಡುವಾಗ ಅವರು ಕನ್ನಡದಲ್ಲಿ ಕೇಳಿದರು, "ನೀವು ಕಾಸರಗೋಡಿನವರು ಅಲ್ವಾ?"

"ಹೌದು, ಕುಂಬಳೆ. ಹೇಗೆ ಗೊತ್ತಾಯ್ತು?"

"'ಅಚ್ಚೋ' ಅಂತ ಕರೆದ್ರಿ. ಮತ್ತೆ ಮುಂದೆ ಎಂತ ಹೇಳುದು ಅಂತ ನಿಂತು ಯೋಚನೆ ಮಾಡಿದ್ರಿ. ಅದು ನಮ್ಮ ಕಡೆಯವರ ಮಲಯಾಳ ಮಾರಾಯ್ರೆ. ನಾನು ಮಂಜೇಶ್ವರದವ."

ಆಮೇಲೆ ಎಷ್ಟೋ ಸಲ ಅಲ್ಲಿ ಕಟ್ಟನ್ ಚಾಯ ಕುಡಿದಿದ್ದೇನೆ. ಹಾಲಿಲ್ಲದ ಚಹಾ, ಅವರ ಕೈಯಲ್ಲಿ ಅದು ಕಷಾಯದಷ್ಟು ಕಪ್ಪಾಗುತ್ತಿತ್ತು. ಕುರ್ಚಿಯ ಅಭ್ಯಾಸ ಎಲ್ಲಿಂದ ಬಂತೆಂದು ಒಮ್ಮೆ ಕೇಳಿದೆ. ಅವರು ಮುಚ್ಚಿಡಲಿಲ್ಲ. ಪಾದ್ರಿಯಾಗಿ ಕಳಿಸಿದ ಮೊದಲ ಊರಿನಲ್ಲಿ, ಪಳ್ಳಿಯ ಒಳಗೇ, ಒಬ್ಬ ಸದಸ್ಯನ ಕೊರಳಪಟ್ಟಿ ಹಿಡಿದಿದ್ದರಂತೆ.

"ಅವ ಹೇಳಿದ್ದು ತಪ್ಪೇ. ಆದ್ರೆ ಅವನ ಅಂಗಿಯ ಗುಂಡಿ ನನ್ನ ಕೈಯಲ್ಲಿ ಬಂತು ನೋಡಿ, ಮತ್ತೆ ಸರಿ ಯಾರದ್ದು, ತಪ್ಪು ಯಾರದ್ದು ಅಂತ ಯಾರೂ ಕೇಳ್ಲಿಲ್ಲ. ದೀಕ್ಷೆಯ ದಿನ ನಮ್ಮ ಹತ್ರ ಒಂದು ಮಾತು ತಗೊಳ್ತಾರೆ, ಜಗಳಗಂಟ ಆಗುದಿಲ್ಲ, ಮೆತ್ತಗೆ ನಡೀತೇನೆ ಅಂತ. ಎಲ್ಲರ ಹತ್ರ ಒಂದು ಸಲ ಕೇಳಿದ್ರು. ನನ್ನ ಹತ್ರ ಬಿಷಪ್ಪು ಎರಡು ಸಲ ಕೇಳಿದ್ರು. ನಾನು ವಾಲಿಬಾಲ್ ಆಡುದನ್ನು ಅವರು ನೋಡಿದ್ರು."

"ಕುರ್ಚಿಗೂ ಅದಕ್ಕೂ ಎಂತ ಸಂಬಂಧ?"

"ಕೂತವನ ಕೊರಳಪಟ್ಟಿ ಹಿಡೀಬೇಕಾದ್ರೆ ಬಗ್ಗಬೇಕು. ಬಗ್ಗುವಷ್ಟರಲ್ಲಿ ಸ್ವಲ್ಪ ಬುದ್ಧಿ ಬರ್ತದೆ. ಕುರ್ಚಿ ಅವರಿಗಲ್ಲ ಮಾರಾಯ್ರೆ, ನನಗೆ."

ಸಿಟ್ಟು ಬಂದಾಗ ಅವರ ಕಿವಿ ಕೆಂಪಾಗುತ್ತಿತ್ತು, ದನಿ ಇಳಿಯುತ್ತಿತ್ತು. ಬಲಗೈಯನ್ನು ಬೆನ್ನ ಹಿಂದೆ ಒಯ್ದು ಎಡಗೈಯಿಂದ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. ನೋಡಿದವರಿಗೆ ಅದು ಹಿರಿಯರ ಗಾಂಭೀರ್ಯದಂತೆ ಕಾಣುತ್ತಿತ್ತು. ಮಣಿಕಟ್ಟಿನ ಮೇಲೆ ಬೆರಳಿನ ಗುರುತು ಉಳಿಯುವುದನ್ನು ನಾನು ನೋಡಿದ್ದೇನೆ.

ಅಲ್ಲಿಂದ ಅವರಿಗೆ ತಿರುವನಂತಪುರಕ್ಕೆ ವರ್ಗವಾಯಿತು, ಶ್ರೀಕಾರ್ಯದ ಆಚೆಗಿನ ಒಂದು ಪಳ್ಳಿಗೆ. ಸಭೆ ಮಲಯಾಳಿಗಳದು. ಆದರೆ ತುಂಬಾ ಎಂಬಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸಕ್ಕಿದ್ದ ನಾಲ್ಕಾರು ಕನ್ನಡ ಮನೆಯವರು, ಐಟಿ ಪಾರ್ಕಿನ ಕೆಲವು ಹುಡುಗ ಹುಡುಗಿಯರು ಅಲ್ಲಿಗೇ ಬರುತ್ತಿದ್ದರು. ಅವರಿಗಾಗಿ ಅಚ್ಚನ್ ತಿಂಗಳಿಗೊಮ್ಮೆ ಮಧ್ಯಾಹ್ನ ಕನ್ನಡ ಆರಾಧನೆ ಶುರು ಮಾಡಿದರು. ವಿಧಾನಸಭೆಯ ಅಧಿವೇಶನಕ್ಕೆಂದು ನಾನು ಆ ಊರಿಗೆ ಹೋದಾಗ ಕೆಲವೊಮ್ಮೆ ಹಿಂದಿನ ಬಾಗಿಲ ಬಳಿ ನಿಲ್ಲುತ್ತಿದ್ದೆ. ನಾನು ಆ ಮತದವನಲ್ಲ. ಬೇರೆ ಬೇರೆ ಸೀಮೆಯ ಕನ್ನಡವನ್ನು ಒಂದೇ ಕಡೆ ಕೇಳಬಹುದಿತ್ತು ಅಷ್ಟೆ. ಆರಾಧನೆ ಮುಗಿದ ಮೇಲೆ ಚಿತ್ರಾನ್ನ ಹಂಚುತ್ತಿದ್ದರು. ತಾಯಂದಿರು "ಇನ್ನೊಂಚೂರು ಹಾಕ್ಲಾ?" ಎಂದರೆ ಮಕ್ಕಳು ಮಲಯಾಳದಲ್ಲಿ "ವೇಂಡಮ್ಮೇ", ಬೇಡಮ್ಮ, ಎನ್ನುತ್ತಿದ್ದರು.

ಆ ಪಳ್ಳಿಯಲ್ಲಿ ಜಗಳ ಹತ್ತಿದ್ದು ಕಟ್ಟಡದ ಮೇಲೆ. ಮರದ ಜಂತಿಯ ಹಳೆಯ ಮಾಡು, ಗೋಡೆಯಲ್ಲಿ ಬಿರುಕು. ಕೆಡವಿ ದೊಡ್ಡದು ಕಟ್ಟಬೇಕು ಎಂದು ಒಂದು ಬಣ. ಅದರ ಮುಂದಾಳು ಗಲ್ಫಿನಿಂದ ಮರಳಿ ಬಂದಿದ್ದ ಒಬ್ಬರು, ಪಳ್ಳಿಯ ಟ್ರಸ್ಟಿ. ಅಜ್ಜಂದಿರು ಕಟ್ಟಿದ್ದನ್ನು ಮುಟ್ಟಕೂಡದು, ದುರಸ್ತಿ ಸಾಕು ಎಂದು ಇನ್ನೊಂದು ಬಣ. ಅದಕ್ಕೆ ಮುಂದಾಳು ನಿವೃತ್ತ ಪ್ರೊಫೆಸರ್ ಒಬ್ಬರು. ವಿಷಯ ಕೋರ್ಟಿಗೆ ಹೋಯಿತು. ಮದುವೆಗಳಿಗೆ ಕರೆಯುವುದು ನಿಂತಿತು. ಮೊದಲು ಎಲ್ಲೆಂದರಲ್ಲಿ ಕೂರುತ್ತಿದ್ದವರು ಈಗ ಪಳ್ಳಿಯ ನಡುದಾರಿಯ ಎಡಕ್ಕೆ ಹಳೆಯ ಕಟ್ಟಡದ ಕಡೆಯವರು, ಬಲಕ್ಕೆ ಹೊಸದರ ಕಡೆಯವರು ಎಂದು ಹಂಚಿಹೋದರು. ಇದ್ಯಾವುದೂ ತಿಳಿಯದ ಕನ್ನಡದವರು ಮಾತ್ರ ಯಾವತ್ತೂ ಕೂರುವ ಜಾಗದಲ್ಲೇ, ಬಲಗಡೆ, ಕೂರುತ್ತಿದ್ದರು.

ಒಂದು ಸಂಜೆ ಸಭಾಭವನದಲ್ಲಿ ಎರಡೂ ಬಣಗಳ ಸಭೆ. ನಾನು ಇದ್ದೆ. ಪ್ರೊಫೆಸರ್ ಎದ್ದು ನಿಂತು, ಟ್ರಸ್ಟಿಯ ತೀರಿಕೊಂಡ ತಂದೆಯ ಬಗ್ಗೆ ಒಂದು ಮಾತು ಅಂದರು. ಅಚ್ಚನ್ ಕುರ್ಚಿಗಾಗಿ ಆಚೀಚೆ ನೋಡಿದರು. ಕುರ್ಚಿ ಅಷ್ಟರಲ್ಲಿ ಟ್ರಸ್ಟಿಯ ಕೈಯಲ್ಲಿತ್ತು. ಅದು ಪ್ರೊಫೆಸರ್ ಕಡೆಗೆ ಹಾರಿತು, ನಡುವೆ ಬಂದ ಅಚ್ಚನ್ ಹಣೆಗೆ ಬಿತ್ತು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಹೊರಬಂದು ನನ್ನನ್ನು ನೋಡಿ ಹೇಳಿದರು, "ಯಾರು ಶುರು ಮಾಡಿದ್ದು ಅಂತ ಬರೀಬೇಡಿ."

"ಅದು ನನ್ನ ಕೆಲಸ ಅಚ್ಚೋ."

"ಗೊತ್ತುಂಟು. ಕೇಳುದು ನನ್ನ ಕೆಲಸ."

ಬರೆದೆ. ಪ್ರೊಫೆಸರ್ ಆಡಿದ ಮಾತು, ಟ್ರಸ್ಟಿ ಎಸೆದ ಕುರ್ಚಿ, ಎರಡನ್ನೂ ಆದ ಕ್ರಮದಲ್ಲೇ ಬರೆದೆ. ಇವತ್ತಿಗೂ ಅದರಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಮಲಯಾಳ ಪತ್ರಿಕೆಗಳೂ ಬರೆದವು. ಎರಡೂ ಬಣದವರು ತಮಗೆ ಬೇಕಾದ ಅರ್ಧವನ್ನು ಕತ್ತರಿಸಿ ಫೋನುಗಳಲ್ಲಿ ಹಂಚಿಕೊಂಡರು.

ಬಿಷಪ್ಪರ ನಿವಾಸವನ್ನು ಅಲ್ಲಿ ಅರಮನೆ ಎಂದೇ ಕರೆಯುತ್ತಾರೆ. ಕೊಚ್ಚಿಯ ಅರಮನೆಯಿಂದ ಅಚ್ಚನ್‌ಗೆ ಕರೆ ಬಂತು. ಅಲ್ಲಿ ನಡೆದದ್ದನ್ನು ಅವರ ಬಾಯಿಂದಲೂ ಅರಮನೆಯ ಕಾರ್ಯದರ್ಶಿಯ ಬಾಯಿಂದಲೂ ಬೇರೆ ಬೇರೆಯಾಗಿ ಕೇಳಿದ್ದೇನೆ, ಎರಡೂ ಹೊಂದುತ್ತವೆ. ಟ್ರಸ್ಟಿಯ ಮೇಲೆ ಪೊಲೀಸರಿಗೆ ದೂರು ಕೊಡಿ, ಆರಾಧನೆಯ ಹೊತ್ತಿಗೆ ಪೊಲೀಸರು ಪಳ್ಳಿಯ ಒಳಗೇ ನಿಲ್ಲಲಿ ಎಂದು ಕಾರ್ಯದರ್ಶಿ ಹೇಳಿದರು.

"ಪೊಲೀಸರನ್ನು ಒಳಗೆ ನಿಲ್ಲಿಸಿ, ನಾನು ಪೀಠದ ಹತ್ತಿರ ನಿಂತು ಜನರಿಗೆ ಸಮಾಧಾನ ಕೊಡುವುದು ಹೇಗೆ?" ಎಂದು ಅಚ್ಚನ್ ಕೇಳಿದರು.

"ನಿಮ್ಮ ಮೆತ್ತಗಿನ ಮಾತಿನಿಂದಲೇ ಇಷ್ಟಾದದ್ದು. ಪಳ್ಳಿ ನಡೆಸಲು ಬೆನ್ನೆಲುಬು ಬೇಕು."

ಕೊನೆಗೆ ಬಿಷಪ್ ಹೇಳಿದ್ದು ಇಷ್ಟು: ಬರುವ ಭಾನುವಾರ ಒಬ್ಬ ಕೈ ಎತ್ತಿದರೂ ಪಳ್ಳಿಗೆ ಬೀಗ ಬೀಳುತ್ತದೆ. ಆಮೇಲೆ ನೀವು ಅಲ್ಲಿರುವುದಿಲ್ಲ.

ಇಲ್ಲಿ ಆ ಪಳ್ಳಿಯ ಒಂದು ಪದ್ಧತಿಯನ್ನು ಹೇಳಬೇಕು. ಆರಾಧನೆಯ ನಡುವೆ ಒಂದು ಘಟ್ಟದಲ್ಲಿ ಪಾದ್ರಿ ಪೀಠದ ಬಳಿ ಇಬ್ಬರು ಸಹಾಯಕರ ಜೋಡಿಸಿದ ಕೈಗಳನ್ನು ತಮ್ಮ ಎರಡು ಅಂಗೈಗಳ ನಡುವೆ ಹಿಡಿದು ಬಿಡುತ್ತಾರೆ. ಒಬ್ಬ ಎಡಸಾಲಿಗೆ, ಒಬ್ಬ ಬಲಸಾಲಿಗೆ ಬಂದು ಮೊದಲ ಬೆಂಚಿನವರ ಕೈಯನ್ನು ಹಾಗೆಯೇ ಹಿಡಿಯುತ್ತಾರೆ. ಅವರು ಪಕ್ಕದವರ ಕೈ ಹಿಡಿಯುತ್ತಾರೆ, ಪಕ್ಕದವರು ಹಿಂದಿನವರದು. ಹೀಗೆ ಕೈಯಿಂದ ಕೈಗೆ ಕೊನೆಯ ಬೆಂಚಿನವರೆಗೆ ಹೋಗಬೇಕು. ಇದಕ್ಕೆ ಸಮಾಧಾನ ಕೊಡುವುದು ಎನ್ನುತ್ತಾರೆ. ಯಾರೂ ತಾವಾಗಿ ಶುರು ಮಾಡುವಂತಿಲ್ಲ, ಪೀಠದಿಂದಲೇ ಬರಬೇಕು. ಎಲ್ಲರಿಗೂ ಮುಟ್ಟುವವರೆಗೆ ಆರಾಧನೆ ಮುಂದಕ್ಕೆ ಹೋಗುವುದಿಲ್ಲ.

ಆ ಭಾನುವಾರ ಗೇಟಿನ ಬಳಿ ಪೊಲೀಸ್ ವ್ಯಾನು ಇತ್ತು. ಇನ್‌ಸ್ಪೆಕ್ಟರ್ ಬೂಟು ಕಳಚದೆ ಹೊಸ್ತಿಲ ಹೊರಗೆ ನಿಂತಿದ್ದರು. ಒಳಗೆ ಎರಡೂ ಕಡೆ ತುಂಬಿತ್ತು, ನಡುದಾರಿ ಖಾಲಿ. ಎಡಗಡೆ ಕೊನೆಯ ಬೆಂಚಿನ ತುದಿಯಲ್ಲಿ ಪ್ರೊಫೆಸರ್, ಬಲಗಡೆ ಕೊನೆಯ ಬೆಂಚಿನ ತುದಿಯಲ್ಲಿ ಟ್ರಸ್ಟಿ. ಇಬ್ಬರ ನಡುವೆ ಒಂದು ಚಾಪೆಯಷ್ಟು ಜಾಗ. ಬಾಗಿಲ ಬಳಿ ನಿಂತಿದ್ದ ನನಗೆ ಇಬ್ಬರ ಕೈಗಳೂ ಕಾಣುತ್ತಿದ್ದವು.

ಸಮಾಧಾನ ಕೊಡುವ ಹೊತ್ತು ಬಂತು. ಅಚ್ಚನ್ ಒಬ್ಬ ಸಹಾಯಕನನ್ನು ಮಾತ್ರ ಕರೆದರು. ಅವನನ್ನು ಎಡಸಾಲಿಗೆ ಕಳಿಸಿದರು. ಎರಡನೆಯವನು ಮುಂದೆ ಬಂದಾಗ ಕೈಸನ್ನೆಯಿಂದ ತಡೆದು ಮಲಯಾಳದಲ್ಲಿ ಹೇಳಿದರು:

"ಆ ಕಡೆಗೆ ಈ ಕಡೆಯಿಂದ ಹೋಗಲಿ. ಕಾಯುತ್ತೇನೆ."

ಎಡಗಡೆ ಕೈಗಳು ಒಂದೊಂದಾಗಿ ಸೇರಿ ಬಿಡುತ್ತ ಹಿಂದಕ್ಕೆ ಬಂದವು. ಕೊನೆಗೆ ಪ್ರೊಫೆಸರ್ ಕೈಗೆ ಬಂದು ನಿಂತಿತು. ಅವರು ಆ ಕೈಗಳನ್ನು ಎದೆಯ ಹತ್ತಿರ ಹಾಗೆಯೇ ಇಟ್ಟುಕೊಂಡು ನೆಲ ನೋಡಿದರು. ಫ್ಯಾನುಗಳ ಸದ್ದು. ಹೊರಗೆ ವ್ಯಾನಿನ ವೈರ್‌ಲೆಸ್ ಏನೋ ಗರಗರ ಎಂದು ನಿಂತಿತು. ಪೀಠದ ಬಳಿ ಅಚ್ಚನ್ ಕಣ್ಣು ಮುಚ್ಚಿದ್ದರು. ಹಣೆಯ ಮೇಲಿನ ಪಟ್ಟಿ ಬೆವರಿಗೆ ಒಂದು ಬದಿ ಎದ್ದಿತ್ತು. ಯಾರೋ ಕೆಮ್ಮಿದರು. ಪ್ರೊಫೆಸರ್ ಹೆಬ್ಬೆರಳು ಅಲುಗಿತು, ಕೈ ಅಲುಗಲಿಲ್ಲ.

ಟ್ರಸ್ಟಿ ಎದ್ದರು. "ಅಚ್ಚೋ, ನಮ್ಮ ಪಾಲಿನ ಸಮಾಧಾನವನ್ನು ಈ ಮನುಷ್ಯನ ಕೈಯಿಂದ ಬೇಡಬೇಕಾ?"

ಎಡಗಡೆಯಿಂದ ಒಬ್ಬ, "ಬೇಡದಿದ್ದರೆ ಗಲ್ಫಿನಿಂದ ತರಿಸಿಕೊಳ್ಳಿ," ಎಂದ. ಬಲಗಡೆ ಬೆಂಚುಗಳು ಒಟ್ಟಿಗೆ ಕಿರುಗುಟ್ಟಿದವು. ಇನ್‌ಸ್ಪೆಕ್ಟರ್ ಒಂದು ಕಾಲನ್ನು ಹೊಸ್ತಿಲ ಒಳಗಿಟ್ಟರು. ಅಚ್ಚನ್ ಕಣ್ಣು ತೆರೆದು, ಅಷ್ಟು ದೂರದಿಂದ, ಬೇಡ ಎಂದು ತಲೆಯಾಡಿಸಿದರು. ಇನ್‌ಸ್ಪೆಕ್ಟರ್ ನಿಂತರು. ಟ್ರಸ್ಟಿ ನಡುದಾರಿಗೆ ಇಳಿದು ಪ್ರೊಫೆಸರ್ ಮುಖವನ್ನೇ ನೋಡಿ, ತಿರುಗಿ ಹೊರಟರು. ಅವರ ಹಿಂದೆ ಬಲಗಡೆಯವರು ಎದ್ದು ಹೋದರು. ಯಾರೂ ಕೈ ಎತ್ತಲಿಲ್ಲ. ಪಳ್ಳಿಗೆ ಬೀಗ ಬೀಳುವುದು ತಪ್ಪಿತು.

ಆರಾಧನೆಯ ನಂತರ ಅಚ್ಚನ್ ಪಕ್ಕದ ಜಗಲಿಯಲ್ಲಿದ್ದರು. ಅರಮನೆಯ ಕಾರ್ಯದರ್ಶಿಯ ಫೋನು ಬಂತು. ಅವರ ದನಿ ನನಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು: "ಒಳ್ಳೆಯ ಪಾಠ ಕಲಿಸಿದಿರಿ. ಇಷ್ಟು ದಿನ ಇದೇ ಬೇಕಿತ್ತು. ಇನ್ನು ಸಡಿಲ ಬಿಡಬೇಡಿ." ಅಚ್ಚನ್ ಫೋನು ಇಟ್ಟರು. ಹೊಗಳಿಸಿಕೊಂಡ ಮುಖವಾಗಿರಲಿಲ್ಲ.

ಆಗ ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರಾಗಿದ್ದ ಧಾರವಾಡದ ಹೆಣ್ಣುಮಗಳೊಬ್ಬಳು ಬಂದಳು. ಪ್ರತಿವಾರ ಅತ್ತೆಯನ್ನು ಕರೆದುಕೊಂಡು ಬರುವವಳು. ಅಚ್ಚನ್ ರೂಢಿಯಂತೆ ಕುರ್ಚಿ ಎಳೆದರು. ಅವಳು ಕೂರಲಿಲ್ಲ.

"ಅಯ್ಯನೋರ, ನಮ್ಮ ಅತ್ತಿಯವರಿಗೆ ಕಿವಿ ಕೇಳಂಗಿಲ್ಲ. ಮಲಯಾಳಂ ಅಂತೂ ತಿಳಿಯೂದ ಇಲ್ಲ. ಎಲ್ಲಾರೂ ಎದ್ದ ಹೋದ್ರೂ ಅವರು ಎರಡೂ ಕೈ ಮುಂದ ಮಾಡಿ ಕುಂತಾರ. ಎಬ್ಬಿಸಿದ್ರ ಏಳವಲ್ರು. 'ಎಲ್ಲಾರಿಗೂ ಬಂತು, ಇವತ್ತ ನನಗ್ಯಾಕ ಬರಲಿಲ್ಲ? ನಾ ಏನ ತಪ್ಪ ಮಾಡೇನಿ?' ಅಂತ ಕೇಳಾಕತ್ತಾರ. ನಾ ಏನ ಹೇಳ್ಲಿ, ನೀವ ಹೇಳ್ರಿ."

ಅಚ್ಚನ್ ಕಿವಿ ಕೆಂಪಾಯಿತು. ಬೆನ್ನ ಹಿಂದೆ ಕೈ ಹೋಯಿತು. ಆಮೇಲೆ, ಅವಳಿಗೆಂದು ಎಳೆದಿದ್ದ ಕುರ್ಚಿಯಲ್ಲಿ ತಾವೇ ಕುಳಿತುಬಿಟ್ಟರು. ಬೇರೆಯವರಿಗಿಂತ ಮೊದಲು ಅವರು ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸ್ವಲ್ಪ ಹೊತ್ತಿಗೆ ಎದ್ದು ಒಳಗೆ ಹೋದರು. ಖಾಲಿಯಾಗಿದ್ದ ಬಲಸಾಲಿನಲ್ಲಿ ಆ ಅಜ್ಜಿ ಒಬ್ಬರೇ, ಕೈ ಮುಂದೆ ಮಾಡಿಕೊಂಡು. ಅಚ್ಚನ್ ಅವರ ಮುಂದೆ ಮಂಡಿಯೂರಿ ಆ ಕೈಗಳನ್ನು ಹಿಡಿದರು. ಅಜ್ಜಿ ಅವರ ಹಣೆಯ ಪಟ್ಟಿ ಮುಟ್ಟಿ, "ಇದೇನ ಮಾಡ್ಕೊಂಡೀಯೋ ತಮ್ಮಾ," ಎಂದರು.

ಬಸ್ ನಿಲ್ದಾಣದವರೆಗೆ ನನ್ನ ಜತೆ ನಡೆದು ಬಂದರು.

"ಆವತ್ತು ನಾನು ಹಿಡಿದದ್ದು ಒಬ್ಬನ ಕೊರಳಪಟ್ಟಿ," ಎಂದರು. "ಇವತ್ತು ಅರ್ಧ ಪಳ್ಳಿಯದ್ದು. ದನಿ ಏರಿಸದೆ ಹಿಡಿದೆ, ಅದೊಂದು ವ್ಯತ್ಯಾಸ."

"ನೀವು ಸೇರಿಸ್ಲಿಕ್ಕೆ ನೋಡಿದ್ರಿ ಅಷ್ಟೆ."

"ಇಲ್ಲ. ಗೆಲ್ಲಲಿಕ್ಕೆ ನೋಡಿದೆ."

ಮರುವಾರ ಎಲ್ಲರ ಮುಂದೆ ಕ್ಷಮೆ ಕೇಳುತ್ತೇನೆಂದು ಅಚ್ಚನ್ ಅರಮನೆಗೆ ಮೊದಲೇ ತಿಳಿಸಿದರು. ಬಹಿರಂಗ ಕ್ಷಮೆ ಕೇಳಿದರೆ ಪಾದ್ರಿಯ ಮಾತಿಗೆ ಬೆಲೆ ಉಳಿಯುವುದಿಲ್ಲ, ಹಾಗೆ ಮಾಡಿದರೆ ಆ ಪಳ್ಳಿಯಲ್ಲಿ ಅದೇ ಕೊನೆಯ ಭಾನುವಾರ ಎಂದು ಉತ್ತರ ಬಂತು.

ಕೇಳಿದರು. ಆರಾಧನೆ ಶುರುವಾಗುವ ಮೊದಲು ಪೀಠದಿಂದ ಇಳಿದು ನಡುದಾರಿಯಲ್ಲಿ ನಿಂತು, ಕಳೆದ ವಾರ ನಾನು ಸಮಾಧಾನವನ್ನು ಕಟ್ಟಿಹಾಕಿದೆ, ಅದು ನನ್ನ ಸ್ವತ್ತಲ್ಲ, ತಪ್ಪಾಯಿತು ಎಂದರು. ಎಡಗಡೆಯವರಿಗೆ ಅಸಮಾಧಾನ, ಗೆದ್ದದ್ದನ್ನು ಬಿಟ್ಟುಕೊಟ್ಟ ಹಾಗಾಯಿತು ಎಂದು ಪ್ರೊಫೆಸರ್ ಪಕ್ಕದವರಿಗೆ ಹೇಳಿದ್ದು ಕೇಳಿಸಿತು. ಬಲಗಡೆ ಕನ್ನಡದವರು ಬಿಟ್ಟರೆ ಯಾರೂ ಬಂದಿರಲಿಲ್ಲ. ಆ ಕಡೆಯ ಉಳಿದವರು ಟ್ರಸ್ಟಿಯ ಜತೆ ಗೇಟಿನ ಹೊರಗೆ ನಿಂತಿದ್ದರು. ಅಚ್ಚನ್ ನಿಲುವಂಗಿಯಲ್ಲೇ ಬಿಸಿಲಿಗೆ ಇಳಿದು ಗೇಟಿನವರೆಗೆ ಹೋದರು. ನಾನು ಹಿಂದೆಯೇ ಹೋದೆ.

ಟ್ರಸ್ಟಿ ಅವರ ಹಣೆಯನ್ನು ನೋಡಿದರು. "ತಲೆ ಒಡೆದದ್ದು ನಾನು. ಕ್ಷಮೆ ಕೇಳುವುದು ನೀವಾ ಅಚ್ಚೋ? ತಮಾಷೆ ಮಾಡ್ತೀರಾ?"

"ಆ ಕ್ಷಮೆ ನಿಮ್ಮದು. ಬೇಕಾದಾಗ ಕೇಳಿ. ಇದು ನನ್ನದು."

ಟ್ರಸ್ಟಿ ಕೇಳಲಿಲ್ಲ. ಕಾರು ಹತ್ತಿ ಹೋದರು. ಅವರ ಹೆಂಡತಿ ಹೋಗಲಿಲ್ಲ, ಒಳಗೆ ಬಂದು ಅಜ್ಜಿಯ ಪಕ್ಕ ಕುಳಿತರು. ಆ ದಿನ ಸಮಾಧಾನ ಯಾವತ್ತಿನಂತೆ ಇಬ್ಬರು ಸಹಾಯಕರ ಕೈಯಲ್ಲಿ ಎರಡೂ ಸಾಲಿಗೆ ಹೋಯಿತು. ಬಲಸಾಲಿನಲ್ಲಿ ಅದು ಬೇಗ ಮುಗಿಯಿತು.

ಅದು ಅವರ ಕೊನೆಯ ಭಾನುವಾರವೇ ಆಯಿತು. ಕನ್ನಡ ಆರಾಧನೆಯೂ ನಿಂತಿತು. ಕೊಚ್ಚಿಯಲ್ಲಿ ವಯಸ್ಸಾದ ಪಾದ್ರಿಗಳಿಗೆಂದು ಇರುವ ಮನೆಗೆ, ಇನ್ನೂ ಗಟ್ಟಿಮುಟ್ಟಾಗಿದ್ದ ಅವರನ್ನು ಕಳಿಸಿದರು. ನಾನು ಹೋಗುತ್ತಿದ್ದೆ. ಅಲ್ಲಿಯೂ ಚಹಾ ಅಷ್ಟೇ ಕಪ್ಪು. ಅರಮನೆಯ ಬಗ್ಗೆ ನಾನು ಕಟುವಾಗಿ ಏನಾದರೂ ಅಂದರೆ ಅವರ ಕಿವಿ ಕೆಂಪಾಗುತ್ತಿತ್ತು, ನನ್ನ ಮಾತಿಗಲ್ಲ ಎಂದು ನನಗೆ ಗೊತ್ತಿತ್ತು. "ಆ ವಿಷಯ ಬಿಡಿ ಮಾರಾಯ್ರೆ, ಬಿಡ್ಲಿಕ್ಕೆ ನನಗೇ ಕಷ್ಟ ಉಂಟು," ಎನ್ನುತ್ತಿದ್ದರು. ಒಮ್ಮೆ ನನ್ನ ಹಳೆಯ ವರದಿಯ ಮಾತು ಬಂತು. "ನೀವು ಬರೆದದ್ದು ಸರಿ ಇತ್ತು. ಅದೇ ಕಷ್ಟ ಆದದ್ದು. ಸರಿ ಇದ್ದದ್ದನ್ನು ಯಾರೂ ಮರೀಲಿಕ್ಕೆ ಬಿಡ್ಲಿಲ್ಲ."

ಶ್ರೀಕಾರ್ಯದ ಪಳ್ಳಿಯ ಅಂಗಳದಲ್ಲೇ ಮಣ್ಣು ಮಾಡಬೇಕೆಂಬುದು ಅವರ ಆಸೆಯಾಗಿತ್ತು. ಅರಮನೆ ಒಪ್ಪಿತು. ನಾನು ಬೆಳಗಿನ ರೈಲಿನಲ್ಲಿ ಹೋದೆ. ಬಿರುಕು ಹಾಗೆಯೇ ಇತ್ತು, ಸ್ವಲ್ಪ ಉದ್ದವಾಗಿತ್ತು. ಹಳೆಯವರು ಎಡಕ್ಕೆ, ಹೊಸಬರು ಬಲಕ್ಕೆ. ಗೇಟಿನ ಬಳಿ ಮುನ್ನೆಚ್ಚರಿಕೆಗೆಂದು ವ್ಯಾನು. ನಡುದಾರಿಯ ಮುಂದೆ, ಪೀಠದ ಕೆಳಗೆ, ಪೆಟ್ಟಿಗೆ. ಅಷ್ಟು ಎತ್ತರದ ಮನುಷ್ಯನಿಗೆ ಹೊಂದುವ ಪೆಟ್ಟಿಗೆಯನ್ನು ಬೇರೆಯಾಗಿಯೇ ಮಾಡಿಸಿದ್ದರಂತೆ.

ಬಿಷಪ್ ಆರಾಧನೆ ನಡೆಸಿದರು. ಇಬ್ಬರು ಸಹಾಯಕರು ಎರಡು ಸಾಲಿಗೆ ಹೋದರು. ಕೈಗಳು ಸೇರಿ ಬಿಡುತ್ತ ಹಿಂದಕ್ಕೆ ಬಂದವು. ನಾನು ನಿಂತಿದ್ದದ್ದು ಹಿಂದಿನ ಜಾಗದಲ್ಲೇ. ಪ್ರೊಫೆಸರ್ ತಲೆ ಪೂರ್ತಿ ನರೆತಿತ್ತು. ಟ್ರಸ್ಟಿ ಕೋಲು ಹಿಡಿದಿದ್ದರು. ಇಬ್ಬರಿಗೂ ಅವರವರ ಸಾಲಿನಿಂದ ಬರಬೇಕಾದ್ದು ಬಂದು ಮುಟ್ಟಿತು. ಅಲ್ಲಿಗೆ ಕ್ರಮ ಮುಗಿಯಿತು. ಸಿಕ್ಕವರಿಗೆ ಮತ್ತೆ ಕೊಡುವ ಪದ್ಧತಿ ಇಲ್ಲ. ಬಿಷಪ್ ಮುಂದಿನ ಪ್ರಾರ್ಥನೆಗೆ ಪುಟ ತಿರುಗಿಸಿದ್ದರು.

ಇಬ್ಬರಲ್ಲಿ ಒಬ್ಬರು ಎದ್ದರು. ಕೈಗಳನ್ನು ಜೋಡಿಸಿಕೊಂಡೇ ನಡುದಾರಿಗೆ ಇಳಿದು, ಆ ಒಂದು ಚಾಪೆಯಷ್ಟು ಜಾಗ ದಾಟಿ, ಇನ್ನೊಬ್ಬರ ಮುಂದೆ ಹಿಡಿದರು. ಇನ್ನೊಬ್ಬರು ತಕ್ಷಣ ಹಿಡಿಯಲಿಲ್ಲ. ಅವರು ಮುಂದೆ, ಪೆಟ್ಟಿಗೆಯ ಕಡೆಗೆ ನೋಡಿದರು. ಇಡೀ ಪಳ್ಳಿ ತಿರುಗಿ ನೋಡುತ್ತಿತ್ತೆಂದು ಕಾಣುತ್ತದೆ. ಬಿಷಪ್ ಓದು ನಿಲ್ಲಿಸಿದ್ದರು. ಆಮೇಲೆ ಆ ಕೈಗಳು ಸೇರಿದವು. ಎದ್ದವರು ತಮ್ಮ ಜಾಗಕ್ಕೆ ಹೋಗಿ ಕುಳಿತರು.

ಇದರಿಂದ ಮೊಕದ್ದಮೆ ನಿಂತಿಲ್ಲ. ಮುಂದಿನ ವಿಚಾರಣೆಗೆ ಎರಡೂ ಕಡೆಯ ವಕೀಲರು ತಯಾರಿದ್ದಾರೆ. ಅದನ್ನೂ ದಾಖಲಿಸಬೇಕು.

ಹೊರಗೆ ಬಂದಾಗ, ಗೇಟಿನಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ ಟಿವಿಯ ವರದಿಗಾರ್ತಿ ಓಡಿ ಬಂದಳು. ಒಳಗೆ ಏನೋ ಆಯಿತೆಂಬುದು ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು.

"ಸಾರೇ, ನೀವು ಒಳಗಿದ್ರಲ್ಲ. ಯಾರು ಶುರು ಮಾಡಿದ್ದು? ನೋಡಿದ್ರಾ?"

"ನೋಡಿದೆ," ಎಂದೆ. "ಅದನ್ನು ಬರೀಬೇಡಿ ಅಂದವರು ಒಳಗೆ ಮಲಗಿದ್ದಾರೆ."